ಬಟ್ಟೆ ಹಿಂಡುವವಳ ಬಲಗೈ

ಎತ್ತರದ ಕಿಟಕಿಯಿಂದ ಇಳಿದ ಬೆಳಗು ನೆಲದ ಮೇಲಿನ ಬಿಳಿಯ ಪುಡಿಯಲ್ಲಿ ಒಂದು ಓರೆ ಚೌಕವನ್ನು ಬರೆದಿತ್ತು. ಚೌಕದ ನಡುವೆ ಮರದ ಪೀಠ. ಪೀಠದ ಮೇಲೆ ಹಸಿ ಜೇಡಿಮಣ್ಣಿನ ಹೆಂಗಸೊಬ್ಬಳು, ಆಳೆತ್ತರಕ್ಕಿಂತ ತುಸು ಹೆಚ್ಚಿನವಳು, ಸೊಂಟದಿಂದ ಕೊಂಚ ಬಾಗಿ, ಎರಡೂ ಕೈಯಲ್ಲಿ ಒದ್ದೆ ಬಟ್ಟೆಯನ್ನು ಹಿಂಡುತ್ತಿದ್ದಳು. ಅವಳಿಗೆ ಹೊದೆಸಿದ್ದ ತೇವದ ಗೋಣಿ ಜಾರಿ ಪಾದದ ಬಳಿ ಮುದ್ದೆಯಾಗಿತ್ತು. ಎದುರಿನ ಸ್ಟೂಲಿನ ಮೇಲೆ, ಗೋಡೆಯಲ್ಲಿ ತೂಗಬೇಕಾಗಿದ್ದ ಕನ್ನಡಿಯೊಂದು ಬಣ್ಣದ ಡಬ್ಬಕ್ಕೆ ಒರಗಿ ನಿಂತು, ಅವಳ ಅರ್ಧ ಮೊಗವನ್ನಷ್ಟೇ ಹಿಡಿದಿತ್ತು. ಪೀಠದ ಸುತ್ತ ಮೂವರು ನಿಂತಿದ್ದರು. ಒಬ್ಬರೂ ಅಲುಗುತ್ತಿರಲಿಲ್ಲ. ಬಟ್ಟೆಯಿಂದ ಇನ್ನೂ ಉದುರದ ಒಂದು ಹನಿಗಾಗಿ ಇಡೀ ಕೋಣೆ ಉಸಿರು ಹಿಡಿದು ಕಾಯುತ್ತಿರುವಂತಿತ್ತು.

"ಈ ಬಲಗೈ ನಾನು ಮಾಡಿದ್ದಲ್ಲ," ಎಂದರು ಗಡ್ಡದವರು.

ಗಡ್ಡದವರು ಅಂದರೆ ಶಿಲ್ಪಿ. ಆ ಕಾರ್ಯಾಗಾರದ ಒಡೆಯರು. ಪಕ್ಕದಲ್ಲಿ ಅವರ ಶಿಷ್ಯೆ, ಮೂವತ್ತರ ಆಸುಪಾಸಿನವಳು, ಅಳುವುದೋ ಸಿಟ್ಟಾಗುವುದೋ ತೀರ್ಮಾನವಾಗದ ಮುಖದವಳು. ಮೂರನೆಯವರು ಎರಕದ ಮೇಸ್ತ್ರಿ. ಆ ದಿನವೇ ಮಣ್ಣಿನ ಮೇಲೆ ಪ್ಲಾಸ್ಟರಿನ ಅಚ್ಚು ತೆಗೆಯಲು ಬಂದವರು. ಅಚ್ಚು ಒಮ್ಮೆ ಬಿದ್ದರೆ ಮುಂದೆ ಕಂಚು. ಕಂಚಿನಲ್ಲಿ ಉಳಿದ ತಪ್ಪು ನಮ್ಮೆಲ್ಲರಿಗಿಂತ ಹೆಚ್ಚು ಕಾಲ ಬದುಕುತ್ತದೆ.

ಬಾಗಿಲಲ್ಲಿ ನಿಂತಿದ್ದವರು ನಾವು, ಕೂಗಾಟ ಕೇಳಿ ಬಂದ ಪಕ್ಕದ ಮನೆಯ ದಂಪತಿ. ನನ್ನ ಹೆಂಡತಿಯನ್ನು ಬೀದಿಯೆಲ್ಲ ಡಾಕ್ಟರಮ್ಮ ಎನ್ನುತ್ತದೆ. ಅವಳು ಜೀವನವಿಡೀ ವೈದ್ಯಕೀಯದ ಹುಡುಗರಿಗೆ ಅಂಗರಚನೆ ಕಲಿಸಿದವಳು. ನಿವೃತ್ತಿಯ ಮೇಲೆ ಬೀದಿಯ ಸಣ್ಣಪುಟ್ಟ ರಹಸ್ಯಗಳನ್ನು ಬಿಡಿಸುವ ಚಟ ಹತ್ತಿಸಿಕೊಂಡವಳು. ನನ್ನ ತೋಳು ಮದುವೆಯಾದ ದಿನದಿಂದಲೂ ಅವಳ ಕರಿಹಲಗೆ. ಅದರ ಮೇಲೆ ಅವಳು ಪೆನ್ನಿನಿಂದ ಎಳೆದ ಸ್ನಾಯುಗಳನ್ನು ತೊಳೆದುಕೊಳ್ಳದೆ ಆಫೀಸಿಗೆ ಹೋದ ದಿನಗಳೂ ಉಂಟು.

"ಕೆಡಿಸಿದಾರಾ?" ಎಂದಳು ಅವಳು, ಚಪ್ಪಲಿ ಬಿಡುತ್ತ.

"ಕೆಡಿಸಿದ್ರೆ ಪೊಲೀಸಿಗೆ ಹೇಳ್ತಿದ್ದೆ, ಡಾಕ್ಟರಮ್ಮ."

"ಮತ್ತೆ?"

ಗಡ್ಡದವರು ಮೇಸ್ತ್ರಿಯ ಕಡೆ ನೋಡಿದರು. ಮೇಸ್ತ್ರಿ ಗಂಟಲು ಸರಿಮಾಡಿಕೊಂಡರು. "ಚೆನ್ನಾಗಿ ಮಾಡಿದಾರೆ. ಅದೇ ತೊಂದರೆ."

ನಾನು ನಗಬಾರದಿತ್ತು; ನಕ್ಕೆ. ಹೆಂಡತಿಯ ಮೊಣಕೈ ನನ್ನ ಪಕ್ಕೆಗೆ ತಾಗಿತು.

"ಮೊನ್ನೆ ಸಂಜೆ ಗೋಣಿ ಹೊದೆಸಿ ಬೀಗ ಹಾಕಿದೆ," ಎಂದರು ಗಡ್ಡದವರು. "ನಿನ್ನೆ ರಜ. ಇವತ್ತು ಬಂದ್ರೆ ಬೀಗ ಸರಿಯಾಗೇ ಇದೆ. ಒಳಗೆ ಮೊಣಕೈಯಿಂದ ಮಣಿಕಟ್ಟಿನ ತನಕ ಬೇರೆ ಯಾರದೋ ಕೆಲಸ!"

"ಬೀಗದ ಕೈ ಯಾರ ಹತ್ರ ಇದೆ?"

"ನನ್ನ ಹತ್ರ ಒಂದು. ಇವಳ ಹತ್ರ ಒಂದು. ಮೇಸ್ತ್ರಿ ಹತ್ರ ಒಂದು."

ನನ್ನ ಹೆಂಡತಿ ಪೀಠದ ಸುತ್ತ ನಡೆದಳು. ಅವಳ ಮುಖದಲ್ಲಿ, ಸಂಗೀತದ ಕೊಠಡಿಯ ಹೊರಗೆ ನಿಂತು ಕೇಳುವವರ ಮುಖದಲ್ಲಿ ಕಾಣುವಂಥ ಒಂದು ಗೈರುಹಾಜರಿ ಇತ್ತು.

"ಹೋದ ತಿಂಗಳು ನಾನು ನೋಡಿದಾಗ ಈ ಅಂಗೈ ಮೇಲ್ಮುಖವಾಗಿತ್ತು ಅಲ್ವಾ?"

"ಇತ್ತು. ಭಿಕ್ಷೆ ಬೇಡೋ ಹಾಗೆ ಕಾಣ್ತಿತ್ತು. ಅದಕ್ಕೆ ತಂತಿ ಹಾಕಿ ಮಣಿಕಟ್ಟಿನಲ್ಲಿ ಕೊಯ್ದು, ಅಂಗೈ ಕೆಳಗೆ ಬರೋ ಹಾಗೆ ತಿರುಗಿಸಿ ಕೂರಿಸಿದೆ."

"ಮುಂದೋಳನ್ನ ಏನು ಮಾಡಿದ್ರಿ?"

"ಮುಂದೋಳಿಗೇನು? ಅದು ಹಾಗೇ ಇತ್ತು."

"ಅಯ್ಯೋ ದೇವರೇ! ರೀ, ಕೈ ಕೊಡಿ ಇಲ್ಲಿ."

ಕೊಟ್ಟೆ. ಅವಳು ನನ್ನ ಅಂಗಿಯ ತೋಳನ್ನು ಮೊಣಕೈವರೆಗೆ ಸುತ್ತಿ, ಅಂಗೈಯನ್ನು ಮೇಲೆ ಮಾಡಿದಳು.

"ನೋಡಿ. ಇಲ್ಲಿ ಮೂಳೆ ಎರಡು. ಕಿರುಬೆರಳ ಕಡೆಗೊಂದು, ಹೆಬ್ಬೆರಳ ಕಡೆಗೊಂದು. ಅಂಗೈ ಮೇಲಿದ್ದಾಗ ಎರಡೂ ಅಕ್ಕಪಕ್ಕ ಮಲಗಿರತ್ತೆ. ಈಗ ತಿರುಗಿಸ್ತೀನಿ." ತಿರುಗಿಸಿದಳು. ನಾನು ಕೊಂಚ ಕಿರುಚಿದೆ. "ಹೆಬ್ಬೆರಳ ಕಡೆ ಮೂಳೆ ಇನ್ನೊಂದರ ಮೇಲೆ ಅಡ್ಡ ಹಾಯ್ತು. ಮೊಣಕೈ ಮೇಲಿಂದ ಇಳಿದು ಬರೋ ಈ ದಪ್ಪ ಸ್ನಾಯು ಕಂಡ್ತಾ? ಅದೂ ಜೊತೆಗೆ ಓರೆಯಾಯ್ತು. ತಿರುಗೋದು ಮಣಿಕಟ್ಟೊಂದೇ ಅಲ್ಲ, ಇಡೀ ಮುಂದೋಳು. ನೀವು ಮನುಷ್ಯರ ಕೈಯನ್ನ ನಲ್ಲಿ ತಿರುಗಿಸಿದ ಹಾಗೆ ತಿರುಗಿಸಿಬಿಟ್ರಿ!"

ಗಡ್ಡದವರು ತಮ್ಮ ಕೈಯನ್ನು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಮಾಡಿ ನೋಡಿಕೊಂಡರು. ಮತ್ತೊಮ್ಮೆ. ಕಿವಿ ಕೆಂಪಾಯಿತು.

"ಅಂದ್ರೆ ಬಂದವರು ಈ ತಪ್ಪು ತಿದ್ದೋಕೇ ಬಂದಿದ್ರು," ಎಂದಳು ನನ್ನ ಹೆಂಡತಿ. "ಈ ತಪ್ಪು ಯಾರ ಕಣ್ಣಿಗೆ ಬಿದ್ದಿತ್ತು?"

"ಯಾರ ಕಣ್ಣಿಗೆ?" ಗಡ್ಡದವರು ಶಿಷ್ಯೆಯ ಕಡೆ ತಿರುಗಿದರು. "ಹೇಳಮ್ಮ. ಹೋದ ವಾರ ಏನಂದೆ ನೀನು?"

"ಕೈ ಸರಿಯಿಲ್ಲ ಅನ್ಸತ್ತೆ ಸರ್ ಅಂದೆ."

"ನಾನೇನಂದೆ?"

"ಗುರು ನೀನಾ ನಾನಾ ಅಂದ್ರಿ."

"ಕೇಳಿದ್ರಲ್ಲ ಡಾಕ್ಟರಮ್ಮ? ಇನ್ನೇನು ಬೇಕು? ಹೇಳಿದ್ಲು, ಕೇಳಲಿಲ್ಲ, ನಾನಿಲ್ಲದಾಗ ಬಂದು ಮಾಡಿಟ್ಲು. ತಪ್ಪಿದ್ರೆ ತಪ್ಪು. ಆದ್ರೆ ನನ್ನ ಮಣ್ಣಿಗೆ ಕದ್ದು ಕೈಹಾಕೋರು ನನ್ನ ಸೂರಿನ ಕೆಳಗಿರಬಾರದು. ಸಾಮಾನು ಕಟ್ಟಿಕೊಂಡು ಹೊರಡು ಅಂದಿದೀನಿ."

"ನಾನು ಮುಟ್ಟಿಲ್ಲ ಸರ್," ಎಂದಳು ಶಿಷ್ಯೆ. ಮಾತು ಮೆಲ್ಲಗಿತ್ತು. "ಮುಟ್ಟಿದ್ರೆ ನಿಮ್ಮೆದುರೇ ಹೇಳ್ತಿದ್ದೆ. ಇಷ್ಟು ವರ್ಷ ನಿಮ್ಮ ಮಣ್ಣು ಕಲಸಿದ್ದು ಕದಿಯೋಕಲ್ಲ."

ಬೆಂಚಿನ ಮೇಲೆ ಅವಳ ಬಟ್ಟೆಯ ಚೀಲ ಬಾಯಿ ತೆರೆದು ಕೂತಿತ್ತು. ಮರದ ಕರಣೆಗಳು, ತಂತಿ ಕಟ್ಟಿದ ಕಡ್ಡಿಗಳು ಆಗಲೇ ಅರ್ಧ ಒಳಗೆ ಸೇರಿದ್ದವು. ಒಬ್ಬರ ಕಲಿಕೆಯ ವರ್ಷಗಳೆಲ್ಲ ಅಷ್ಟು ಸಣ್ಣ ಚೀಲದಲ್ಲಿ ಹಿಡಿಯುತ್ತವೆ ಎಂಬುದು ನೋಡಲು ಹಿತವಾದ ಸಂಗತಿಯಲ್ಲ.

"ಏನಿದು ಬೆಳಿಗ್ಗೆ ಬೆಳಿಗ್ಗೆ? ನಮ್ಮ ಅಂಗಳದ ಪಾರಿವಾಳವೆಲ್ಲ ಹಾರಿಹೋಯ್ತು!"

ಮೀಸೆಯವರು ಬಂದಿದ್ದರು. ಎದುರು ಮನೆಯ ಶಿಲ್ಪಿ. ಒಂದು ಕಾಲದಲ್ಲಿ ಗಡ್ಡವೂ ಮೀಸೆಯೂ ಇದೇ ಕಾರ್ಯಾಗಾರದಲ್ಲಿ ಒಟ್ಟಿಗೆ ಕೆಲಸ ಮಾಡುತ್ತಿದ್ದವು. ವಿಗ್ರಹದ ಕಣ್ಣಿಗೆ ಪಾಪೆ ಕೊರೆಯಬೇಕೋ ಬೇಡವೋ ಎಂಬ ವಾದದಲ್ಲಿ ಬೇರೆಯಾದವರು ಅಂದಿನಿಂದ ನೇರ ಮಾತು ಬಿಟ್ಟಿದ್ದರು. ಮಾತು ಬಿಟ್ಟಿದ್ದರೇ ಹೊರತು ಜಗಳ ಬಿಟ್ಟಿರಲಿಲ್ಲ. ನಡುವೆ ಯಾರಾದರೂ ನಿಂತರೆ ಸಾಕಿತ್ತು.

"ಬಾಗಿಲಲ್ಲಿ ನಿಂತಿರೋರಿಗೆ ಇಲ್ಲೇನು ಕೆಲಸ ಅಂತ ಕೇಳಿ," ಎಂದರು ಗಡ್ಡದವರು ನನಗೆ.

"ಆ ಹುಡುಗಿಯನ್ನ ಬೈಯೋಕೆ ಮುಂಚೆ ಒಂದು ಸಲ ಯೋಚಿಸಲಿ ಅಂತ ಹೇಳಿ," ಎಂದರು ಮೀಸೆಯವರು, ನನಗೇ.

"ನಮ್ಮನೆ ವಿಷಯ ನಮಗಿರಲಿ ಅಂತ ಹೇಳಿ."

"ಸ್ವಲ್ಪ ಸುಮ್ನಿರ್ತೀರಾ ಇಬ್ರೂ?" ಎಂದಳು ನನ್ನ ಹೆಂಡತಿ. ಇಬ್ಬರೂ ಸುಮ್ಮನಾದರು. ಮೀಸೆಯವರು ಹೊಸಿಲು ದಾಟಿ ಒಳಬಂದು ಗೋಡೆಗೊರಗಿದರು. ಅವಳು ಆಗ ವಿಗ್ರಹದ ಕೈಯ ಕೆಳಗೆ ತಲೆ ತೂರಿಸಿ, ಮೊಬೈಲಿನ ಬೆಳಕು ಬಿಟ್ಟು, ಮಣಿಕಟ್ಟಿನ ಒಳಮೈಯನ್ನು ನೋಡುತ್ತಿದ್ದಳು.

"ರೀ, ಬಗ್ಗಿ ನೋಡಿ. ಇಲ್ಲೇನು ಕಾಣ್ತಿದೆ?"

ಮಂಡಿಯ ಒಪ್ಪಿಗೆ ಪಡೆದು ಬಗ್ಗಿದೆ. "ನುಣ್ಣಗಿದೆ."

"ಅಷ್ಟೇ! ನುಣ್ಣಗಿದೆ!" ಅವಳು ತಲೆ ಹೊರತೆಗೆದು ಎದ್ದು ನಿಂತಳು. ಕೂದಲಲ್ಲಿ ಮಣ್ಣು. ಕಣ್ಣಲ್ಲಿ ಹಬ್ಬ. "ಎಲ್ಲರೂ ಕೇಳಿ. ಬೆರಳಲ್ಲಿ ಮಾಂಸಖಂಡ ಇಲ್ಲ. ಬೆರಳು ಮಡಚೋ ಸ್ನಾಯುಗಳೆಲ್ಲ ಮುಂದೋಳಲ್ಲಿ ಕೂತಿವೆ, ಅಲ್ಲಿಂದ ಹುರಿ ಎಳೀತಾವೆ. ಮಣಿಕಟ್ಟಿನ ನಟ್ಟನಡುವೆ, ಚರ್ಮದ ಕೆಳಗೇ ಒಂದು ತೆಳ್ಳನೆ ಹುರಿ ಎದ್ದು ಕಾಣತ್ತೆ. ಹೀಗೆ ಹಿಂಡುವಾಗ ಕಾಣಲೇಬೇಕು. ಇಲ್ಲಿ ಇಲ್ಲ."

"ಮಾಡೋಕೆ ಮರೆತಿರಬೇಕು," ಎಂದರು ಗಡ್ಡದವರು.

"ಮೊಣಕೈಯ ಗುಳಿಯನ್ನ ಕೂಡ ಬಿಡದವರು ಇದನ್ನ ಮರೀತಾರಾ? ಅವರು ಮರೆತಿಲ್ಲ. ನೋಡಿದ ಕೈಯಲ್ಲಿ ಅದು ಇರಲಿಲ್ಲ. ಕೆಲವರಿಗೆ ಹುಟ್ಟಿನಿಂದಲೇ ಆ ಸ್ನಾಯು ಇರಲ್ಲ. ಇಲ್ಲದಿದ್ರೆ ನಷ್ಟ ಏನೂ ಇಲ್ಲ, ಹಿಡಿತ ಕಮ್ಮಿಯಾಗಲ್ಲ. ಬಹಳ ಜನಕ್ಕೆ ತಮಗಿಲ್ಲ ಅನ್ನೋದೇ ಗೊತ್ತಿರಲ್ಲ."

"ಯಾರ ಕೈ ನೋಡಿ ಮಾಡಿದ್ರು ಅಂತೀರಿ?" ಮೇಸ್ತ್ರಿ ಕೇಳಿದರು.

"ಸ್ಟೂಲಿನ ಮೇಲೆ ಕನ್ನಡಿ ಯಾಕಿದೆ? ಜೊತೆಗೆ ಯಾರನ್ನೂ ಕರ್ಕೊಂಡು ಬರಲಿಲ್ಲ. ಒಬ್ಬರೇ ಬಂದು ತಮ್ಮ ಕೈಯನ್ನೇ ನೋಡಿಕೊಂಡು ಮಾಡಿದಾರೆ. ಎಲ್ಲರೂ ಕೈ ಚಾಚಿ! ಹೆಬ್ಬೆರಳ ತುದಿಯನ್ನ ಕಿರುಬೆರಳ ತುದಿಗೆ ಮುಟ್ಟಿಸಿ. ಮಣಿಕಟ್ಟನ್ನ ನಿಮ್ಮ ಕಡೆ ಬಗ್ಗಿಸಿ."

ಎಲ್ಲರೂ ಚಾಚಿದರು. ಕೈ ಚಾಚು ಎಂದರೆ ನಾವು ಚಾಚುವುದು ಬಲಗೈಯನ್ನು; ಎಲ್ಲರೂ ಅದನ್ನೇ ಚಾಚಿದರು. ಶಿಷ್ಯೆಯ ಮಣಿಕಟ್ಟಿನಲ್ಲಿ ತಂಬೂರಿಯ ತಂತಿಯಂತೆ ಹುರಿ ಎದ್ದಿತು. ಮೇಸ್ತ್ರಿಯದು ಹಗ್ಗದಷ್ಟು ದಪ್ಪ. ಗಡ್ಡದವರದು ಸ್ಪಷ್ಟ.

"ನೀವೂ," ಎಂದಳು ಮೀಸೆಯವರಿಗೆ.

"ನಾನ್ಯಾಕಮ್ಮ? ನಾನು ಪಾರಿವಾಳದ ಕಡೆಯವನು."

"ಆದ್ರೂ."

ಅವರು ನಗುತ್ತ ಬಲಗೈ ಚಾಚಿದರು. ಹುರಿ ಇತ್ತು. ಬೇಡವೆಂದರೂ ಕಾಣುವಷ್ಟು ಇತ್ತು.

ನನ್ನ ಹೆಂಡತಿಯ ಮುಖ ಬಾಡಿತು. ನಾನು ಅದನ್ನು ಬಹಳ ಅಪರೂಪಕ್ಕೆ ನೋಡಿದ್ದೇನೆ. ದೀಪದ ಬತ್ತಿ ತಗ್ಗಿಸಿದಂತೆ ಇರುತ್ತದೆ.

"ಎಲ್ಲರಿಗೂ ಇದೆ," ಎಂದಳು.

"ನಾನು ಹೇಳಲಿಲ್ವಾ? ಮರೆತಿದಾಳೆ ಅಷ್ಟೇ," ಎಂದರು ಗಡ್ಡದವರು. ಆದರೆ ದನಿಯಲ್ಲಿ ಗೆದ್ದವರ ಉಬ್ಬರವಿರಲಿಲ್ಲ. ಶಿಷ್ಯೆ ಬೆಂಚಿನ ಬಳಿ ಹೋಗಿ, ಕೊನೆಯ ಕರಣೆಯನ್ನು ಒರೆಸಿ ಚೀಲಕ್ಕೆ ಹಾಕಿದಳು. ಏಪ್ರನ್ನಿನ ಗಂಟು ಬಿಚ್ಚಿ ಚೀಲವನ್ನು ಹೆಗಲಿಗೇರಿಸಿದಳು. ಮೀಸೆಯವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮೇಸ್ತ್ರಿ, ಇಂಥ ಹೊತ್ತಿನಲ್ಲಿ ಮನುಷ್ಯ ಮಾಡಬಹುದಾದ ಒಂದೇ ಒಳ್ಳೆಯ ಕೆಲಸವೆಂಬಂತೆ, ಫ್ಲಾಸ್ಕಿನಿಂದ ಟೀ ಸುರಿದು ಎಲ್ಲರ ಕೈಗೂ ಲೋಟ ಕೊಟ್ಟರು.

ಟೀ ಸುಡುತ್ತಿತ್ತು. ಎಲ್ಲರೂ ಊದತೊಡಗಿದೆವು.

"ರೀ, ಇನ್ನೊಂದು ಸಲ ಕೈ ಕೊಡಿ," ಎಂದಳು ಹೆಂಡತಿ, ಸೋತ ದನಿಯಲ್ಲಿ. "ಏನೋ ತಪ್ಪಿಹೋಗಿದೆ ನನಗೆ."

ನಾನು ಚಾಚಿದೆ.

"ಇದಲ್ಲ, ಆ ಕೈ."

"ಆ ಕೈಯಲ್ಲಿ ಲೋಟ ಇದೆಯಲ್ಲೇ! ಕೆಲಸದಲ್ಲಿರೋ ಕೈಯನ್ನ ಹೇಗೆ ಕೊಡಲಿ?"

ಅವಳು ನನ್ನ ಎಡಗೈಯನ್ನು ಹಿಡಿದವಳು ಹಾಗೆಯೇ ನಿಂತಳು. ಲೋಟವನ್ನು ನೋಡಿದಳು. ವಿಗ್ರಹವನ್ನು ನೋಡಿದಳು. ಕನ್ನಡಿಯನ್ನು ನೋಡಿದಳು. ಬತ್ತಿ ಮೇಲೆದ್ದಿತು.

"ನಾನೆಂಥ ಪೆದ್ದಿ!" ಎಂದಳು ಪರಮಾನಂದದಿಂದ. "ಯಾರೂ ಹೋಗಬೇಡಿ! ಮೇಸ್ತ್ರಿ, ನೀವು ಕರಣೆ ಹಿಡಿಯೋದು ಯಾವ ಕೈಯಲ್ಲಿ?"

"ಎಡಗೈಯಲ್ಲಿ. ನಾನು ಎಡಚ."

"ನೀನು?"

"ಬಲಗೈಯಲ್ಲಿ," ಎಂದಳು ಶಿಷ್ಯೆ.

"ಮೀಸೆಯವರೇ?"

ಸ್ವಲ್ಪ ತಡೆದು ಉತ್ತರ ಬಂತು. "ಬಲಗೈಯಲ್ಲಿ."

"ಕೆಲಸ ಮಾಡೋ ಕೈಯನ್ನ ನೋಡಿಕೊಂಡು ಕೆಲಸ ಮಾಡೋಕಾಗಲ್ಲ! ಅದು ಮಣ್ಣಿನ ಮೇಲಿರತ್ತೆ. ಬಲಗೈಯವರಿಗೆ ನೋಡೋಕೆ ಬಿಡುವಾಗಿರೋದು ಎಡಗೈ ಮಾತ್ರ. ಎಡಗೈ ನೋಡಿ ಬಲಗೈ ಮಾಡೋದು ಹೇಗೆ? ಕನ್ನಡಿಯಲ್ಲಿ ನೋಡಬೇಕು, ಅಲ್ಲಿ ಎಡಗೈ ಬಲಗೈಯಾಗಿ ಕಾಣತ್ತೆ. ಮೇಸ್ತ್ರಿ ಎಡಚರು. ಅವರಿಗೆ ಬಿಡುವಾಗಿರೋದು ಬಲಗೈ. ಅದನ್ನ ನೇರವಾಗೇ ನೋಡಬಹುದಿತ್ತು, ಕನ್ನಡಿ ಬೇಕಿರಲಿಲ್ಲ. ಅದರಲ್ಲಿ ಹುರಿಯೂ ಇದೆ. ಹಾಗಾಗಿ ಅವರಲ್ಲ. ಈಗ ಬಲಗೈಯವರೆಲ್ಲ ಎಡಗೈ ಚಾಚಿ!"

ಶಿಷ್ಯೆ ಚಾಚಿದಳು. ಹೆಬ್ಬೆರಳು ಕಿರುಬೆರಳನ್ನು ಮುಟ್ಟಿತು, ಮಣಿಕಟ್ಟು ಬಾಗಿತು, ಹುರಿ ಎದ್ದಿತು. ಗಡ್ಡದವರು ತಮ್ಮದನ್ನೂ ಚಾಚಿದರು. ಅಲ್ಲೂ ಇತ್ತು.

ಮೀಸೆಯವರ ಎಡಗೈ ಜೇಬಿನಲ್ಲಿತ್ತು.

"ನನಗೆ ಹೊರಡೋ ಹೊತ್ತಾಯ್ತು," ಎಂದರು.

"ಪಾರಿವಾಳ ಕಾಯತ್ತೆ. ಚಾಚಿ."

ಅವರು ಹೊರತೆಗೆದರು. ಬೆರಳು ಕೂಡಿಸಿದರು. ಮಣಿಕಟ್ಟು ಬಗ್ಗಿಸಿದರು. ನಡುವೆ ಏನೂ ಏಳಲಿಲ್ಲ. ಗಾಳಿಯಿಲ್ಲದ ಮಧ್ಯಾಹ್ನದ ಕೊಳದಂತೆ ನುಣ್ಣಗಿತ್ತು.

ಮೊದಲು ಬೆರಗಾದವರು ಸ್ವತಃ ಮೀಸೆಯವರೇ. "ಇದು... ಎಲ್ಲರಿಗೂ ಹೀಗೇ ಇರತ್ತೆ ಅಂದ್ಕೊಂಡಿದ್ದೆನಲ್ಲ ನಾನು!"

"ಎರಡು ಕೈಯಲ್ಲಿ ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿರೋದೂ ಉಂಟು. ನೀವು ಯಾವತ್ತೂ ಎಡಗೈಯನ್ನೇ ನೋಡಿ ಕೆಲಸ ಮಾಡಿದವರು."

"ಹಾಗಾದ್ರೆ ನಾನು ಮಾಡಿದ ವಿಗ್ರಹಗಳೆಲ್ಲ—"

"ಒಂದಕ್ಕೂ ಆ ಹುರಿ ಇರಲಿಕ್ಕಿಲ್ಲ."

ಮೇಸ್ತ್ರಿ ನೆನಪು ಮಾಡಿಕೊಂಡು ತಲೆಯಾಡಿಸಿದರು. "ಹೌದು ಹೌದು. ಕುದುರೆ ಸವಾರನಿಗೂ ಇಲ್ಲ. ಎರಕ ಹುಯ್ದವನು ನಾನೇ."

ಗಡ್ಡದವರು ನಿಂತಲ್ಲೇ ನಿಂತಿದ್ದರು. ಆಮೇಲೆ, ಎಷ್ಟೋ ವರ್ಷಗಳಲ್ಲಿ ಮೊದಲ ಸಲ, ನಡುವೆ ಯಾರನ್ನೂ ನಿಲ್ಲಿಸದೆ ಕೇಳಿದರು: "ಯಾಕೋ?"

ಮೀಸೆಯವರು ಜೇಬಿನಿಂದ ತುಕ್ಕು ಹಿಡಿದ ಬೀಗದ ಕೈಯೊಂದನ್ನು ತೆಗೆದು ಬೆಂಚಿನ ಮೇಲಿಟ್ಟರು. "ಬೇರೆಯಾದಾಗ ನೀನು ಕೇಳಲಿಲ್ಲ, ನಾನು ಕೊಡಲಿಲ್ಲ. ನಮ್ಮ ಮಹಡಿ ಕಿಟಕಿಯಿಂದ ದಿನಾ ಈ ಕೈ ಕಾಣ್ತಿತ್ತು. ನೋಡಿ ನೋಡಿ ಊಟ ಸೇರಲಿಲ್ಲ ನನಗೆ. ಬಾಕಿ ಮೈಯೆಲ್ಲ ಎಷ್ಟು ಚೆನ್ನಾಗಿ ಮಾಡಿದೀಯ! ಆ ಬೆನ್ನು! ಅಂಥ ಬೆನ್ನು ನನ್ನ ಕೈಯಲ್ಲಿ ಆಗಲ್ಲ. ಅದಕ್ಕೆ ಈ ಮುರಿದ ಗೊಂಬೆ ಕೈ ಅಂಟಿಸಿ ಕಂಚಿಗೆ ಹಾಕ್ತೀಯ ಅಂದ್ರೆ..."

"ಬಂದು ಹೇಳಬಾರದಾ?"

"ಯಾರ ಮೂಲಕ ಹೇಳಿಸಲಿ? ನಿನ್ನೆ ರಜ, ಬೀದಿಯಲ್ಲಿ ಯಾರೂ ಇರಲಿಲ್ಲ!"

ನನ್ನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೇಸ್ತ್ರಿಗೆ ಆ ಸೌಲಭ್ಯವಿಲ್ಲದ್ದರಿಂದ ಜೋರಾಗಿಯೇ ನಕ್ಕರು.

"ಕನ್ನಡಿ ತಿರುಗಿ ತೂಗು ಹಾಕೋಣ ಅಂದ್ಕೊಂಡೆ, ಯಾರೋ ಬಂದ ಸದ್ದಾಯ್ತು, ಹಾಗೇ ಬಿಟ್ಟು ಹೋದೆ," ಎಂದು ಮುಂದುವರಿಸಿದರು ಮೀಸೆಯವರು. "ಈ ಹುಡುಗಿಯನ್ನ ಓಡಿಸ್ತೀಯ ಅಂತ ಕನಸಲ್ಲೂ ಎಣಿಸಿರಲಿಲ್ಲ. ಹೇಳಿಬಿಡೋಣ ಅಂತ ಬಾಯಿ ತೆರೆದೆ, ಟೀ ಬಂತು. ಕ್ಷಮಿಸಮ್ಮ."

ಶಿಷ್ಯೆಯ ಚೀಲ ಅವಳ ಹೆಗಲಲ್ಲೇ ಇತ್ತು. ಅವಳ ಕಣ್ಣು ಗಡ್ಡದವರ ಮೇಲಿತ್ತು. ಹಾಗಾಗಿ ನಮ್ಮೆಲ್ಲರ ಕಣ್ಣೂ ಅಲ್ಲಿಗೇ ಹೋಯಿತು.

ಹೆಮ್ಮೆಯ ಮನುಷ್ಯ ತಪ್ಪೊಪ್ಪಿಕೊಳ್ಳುವಾಗ ಮೊದಲು ಕೈಗಳಿಗೆ ಜಾಗ ಹುಡುಕುತ್ತಾನೆ. ಗಡ್ಡದವರು ಗಡ್ಡವನ್ನು ಹಿಡಿದರು, ಬಿಟ್ಟರು. ಲೋಟವನ್ನು ಎತ್ತಿದರು, ಇಟ್ಟರು.

"ನೀನು ಸರಿಯಾಗೇ ಹೇಳಿದ್ದೆ," ಎಂದರು ಕೊನೆಗೆ. "ನಾನು ತಿರುಗಿ ನೋಡಲೂ ಇಲ್ಲ. ಇವತ್ತು ನೋಡದೇನೇ ಕಳ್ಳಿ ಅಂದೆ. ಎರಡೂ ತಪ್ಪು. ಹೋಗಬೇಡಮ್ಮ."

"ಇದ್ರೆ ಹೇಗಿರಲಿ ಸರ್?"

"ಹೇಗೆ ಅಂದ್ರೆ?"

"ತಪ್ಪು ಕಂಡ್ರೆ ಹೇಳ್ತೀನಿ. ಹೇಳಿದ್ರೆ ನೀವು ನೋಡಬೇಕು. ಒಪ್ಪದಿದ್ರೆ ಪರವಾಗಿಲ್ಲ, ನೋಡಬೇಕು."

"ನೋಡ್ತೀನಿ."

"ಹಾಗಾದ್ರೆ ಈಗಲೇ ಹೇಳಲಾ?"

ಗಡ್ಡದವರ ಮುಖದಲ್ಲಿ ಒಂದು ಗಾಬರಿ ಹಾದುಹೋಯಿತು. "ಇನ್ನೂ ಇದೆಯಾ?"

"ಎಡಗೈ," ಎಂದಳು ಶಿಷ್ಯೆ. ಚೀಲ ಕೆಳಗಿಟ್ಟು ಪೀಠದ ಬಳಿ ಬಂದಳು. "ಇಷ್ಟು ಬಿಗಿಯಾಗಿ ಬಟ್ಟೆ ಹಿಡಿದಿದಾಳೆ. ಹಿಡಿ ಬಿಗಿಯಾದ್ರೆ ಮುಂದೋಳಿನ ಹಿಂಬದಿಯೂ ಗಟ್ಟಿಯಾಗತ್ತೆ ಸರ್, ನಿಮ್ಮ ಕೈ ಮುಟ್ಟಿ ನೋಡಿ. ಇಲ್ಲಿ ಅವಳು ನಿದ್ದೆ ಮಾಡ್ತಿರೋ ಹಾಗೆ ಚಪ್ಪಟೆಯಾಗಿದೆ."

ಆ ಕೋಣೆಯಲ್ಲಿದ್ದ ನಾವೆಲ್ಲರೂ ಮುಷ್ಟಿ ಬಿಗಿದು ನಮ್ಮ ನಮ್ಮ ಮುಂದೋಳಿನ ಹಿಂಬದಿಯನ್ನು ಮುಟ್ಟಿ ನೋಡಿಕೊಂಡೆವು.

"ನಿಜ, ನಿಜ!" ಎಂದಳು ನನ್ನ ಹೆಂಡತಿ. "ಹಿಂದಿನ ಸ್ನಾಯು ಮಣಿಕಟ್ಟನ್ನ ಎತ್ತಿ ಹಿಡಿಯದಿದ್ರೆ ಮುಂದಿನ ಸ್ನಾಯುಗೆ ಹಿಡಿತವೇ ಸಿಗಲ್ಲ. ಇವಳು ನನ್ನ ತರಗತಿಯಲ್ಲಿ ಇರಬೇಕಿತ್ತು."

"ನಾನೂ ನಿನ್ನೆ ಅದನ್ನ ನೋಡಿದೆ," ಎಂದರು ಮೀಸೆಯವರು. "ಹೊತ್ತು ಸಾಲಲಿಲ್ಲ."

"ನೀನು ಸುಮ್ನಿರು," ಎಂದರು ಗಡ್ಡದವರು. ಆ 'ನೀನು' ಎಂಬ ಮಾತಿಗೆ ಮೀಸೆಯವರ ಮೀಸೆ ಸಣ್ಣಗೆ ಕುಣಿಯಿತು.

"ಬಲಗೈಗೆ ಆ ಕಾಣೆಯಾದ ಹುರಿ ಹಾಕಬೇಕಾ ಡಾಕ್ಟರಮ್ಮ?" ಗಡ್ಡದವರು ಕೇಳಿದರು.

"ಬಿಡಿ. ಹುರಿ ಇಲ್ಲದೆಯೂ ಬಟ್ಟೆ ಹಿಂಡೋ ಹೆಂಗಸರು ಬೇಕಾದಷ್ಟಿದಾರೆ."

"ಅಲ್ಲ, ನಾನು ಪ್ಲಾಸ್ಟರ್ ಕಲಸಲಾ ಬೇಡವಾ?" ಎಂದರು ಮೇಸ್ತ್ರಿ.

ಗಡ್ಡದವರು ತಮ್ಮ ಏಪ್ರನ್ನಿನ ಜೇಬಿನಿಂದ, ಹಿಡಿ ಸವೆದು ಬೆರಳಿನ ಆಕಾರಕ್ಕೆ ತಿರುಗಿದ್ದ ಮರದ ಕರಣೆಯೊಂದನ್ನು ತೆಗೆದರು. ಅದನ್ನು ಬೇರೆ ಯಾರ ಕೈಯಲ್ಲೂ ನಾನು ನೋಡಿರಲಿಲ್ಲ. ಶಿಷ್ಯೆಯ ಮುಂದೆ ಹಿಡಿದರು. "ಸಂಜೆಗೆ ಕಲಸಿ ಮೇಸ್ತ್ರಿ. ಎಡಗೈ ಇವಳು ಮಾಡ್ತಾಳೆ."

ಅವಳು ತೆಗೆದುಕೊಂಡಳು. ಏಪ್ರನ್ನಿನ ಗಂಟನ್ನು ಮತ್ತೆ ಬಿಗಿದಳು. ಸ್ಪಂಜಿನಿಂದ ಮಣ್ಣಿಗೆ ನೀರು ಹನಿಸಿ, ವಿಗ್ರಹದ ಎಡ ಮೊಣಕೈಯ ಕೆಳಗೆ ಹೆಬ್ಬೆರಳಿಟ್ಟಳು. ಹಾಗೆಯೇ ನಿಂತುಬಿಟ್ಟಳು.

"ಏನಾಯ್ತು?"

"ನೀವು ಹಿಂದೆ ನಿಂತಿದ್ರೆ ನನ್ನ ಕೈ ಏಳಲ್ಲ ಸರ್."

ಪೀಠದ ಮೇಲೆ ಹಸಿ ಮಣ್ಣಿರುವಾಗ ಆ ಮನುಷ್ಯ ಕಾರ್ಯಾಗಾರವನ್ನು ಬೇರೆಯವರ ಕೈಗೆ ಬಿಟ್ಟು ಹೋದದ್ದನ್ನು ನಮ್ಮ ಬೀದಿ ಕಂಡಿರಲಿಲ್ಲ. ಅವರು ನನ್ನನ್ನು ನೋಡಿದರು. ಮೇಸ್ತ್ರಿಯನ್ನು ನೋಡಿದರು. ಮೀಸೆಯವರು ಮೇಲ್ಛಾವಣಿಯನ್ನು ನೋಡುತ್ತ, "ನಮ್ಮನೆ ಮಹಡಿಯಲ್ಲಿ ಕುರ್ಚಿ ಇದೆ. ನಾನು ಆಮೇಲೆ ಬರ್ತೀನಿ, ಬಾಗಿಲು ತೆಗೆದೇ ಇದೆ," ಎಂದರು.

ಗಡ್ಡದವರು ಏಪ್ರನ್ ಬಿಚ್ಚಿ ಮೊಳೆಗೆ ತಗುಲಿಸಿದರು. ಬಾಗಿಲವರೆಗೆ ಹೋದರು. ತಿರುಗಿ ನೋಡಬೇಕೆಂಬ ಆಸೆ ಅವರ ಬೆನ್ನಿನಲ್ಲಿ ಎದ್ದುಕಾಣುತ್ತಿತ್ತು. ನೋಡಲಿಲ್ಲ. ಶಿಷ್ಯೆಯ ಹೆಬ್ಬೆರಳು ಮಣ್ಣಿನಲ್ಲಿ ಮೆಲ್ಲಗೆ ಚಲಿಸತೊಡಗಿತು. ಅವರು ಹೊರಗೆ ಹೋದರು, ಮತ್ತು ಬಾಗಿಲು ಅವರ ಹಿಂದೆ ಸದ್ದಿಲ್ಲದೆ ಮುಚ್ಚಿಕೊಂಡಿತು.